ಯಾವ ಬುಡು

ನಮ್ಮ ಕಡೆ 'ಬುಡು' ಅನ್ನೋ ಮಾತಿಗೆ ಎರಡರ್ಥ. ಕೈ ಬಿಡು ಅನ್ನೋದೂ ಬುಡು, ಬ್ಯಾಡ, ಸಾಕು ಅನ್ನೋದೂ ಬುಡು. ಯಾವುದು ಯಾವಾಗ ಅಂತ ಹೇಳೋನ ದನಿ ಕೇಳಿದ್ರೆ ಸಾಕು, ಎಂಥ ದಡ್ಡನಿಗೂ ಗೊತ್ತಾಗುತ್ತೆ. ನನಗೂ ಗೊತ್ತಾಗಿತ್ತು.

ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಬೆಳಗಾಗೆದ್ದು ಈಜೋ ನಾಲ್ಕೈದು ಜನರಲ್ಲಿ ನಾನೇ ಮೇಷ್ಟ್ರು. ಯಾರೂ ಕೊಟ್ಟ ಪಟ್ಟವಲ್ಲ, ನಾನೇ ಕಟ್ಟಿಕೊಂಡಿದ್ದು. ಮಾಗಿ ಚಳಿಯಲ್ಲಿ ಹೊಳೆ ನೀರು ಮೂಳೆ ಕೊರೆಯುತ್ತೆ. ಮೊದಲು ಧುಮುಕೋನು ನಾನು, ಕೊನೆಗೆ ಮೇಲೆ ಬರೋನೂ ನಾನು. ನಡುಗೋರನ್ನ ಆಡಿಕೊಂಡು ನಗೋದು ನನ್ನ ಚಟ.

ಹೋದ ವರ್ಷ ಬೂಕನಕೆರೆ ಕಡೆಯವನೊಬ್ಬ ಬಂದ. ಕೆಲಸಕ್ಕಿದ್ದ ಆಲೆಮನೆ ಮುಚ್ಚಿಹೋಗಿತ್ತು. ಹೊಳೆಯಲ್ಲಿ ಪ್ರವಾಸಿಗಳನ್ನ ಕೂರಿಸಿಕೊಂಡು ತೆಪ್ಪ ನಡೆಸೋ ಕೆಲಸ ಸಿಗೋದರಲ್ಲಿತ್ತು. ಆದ್ರೆ ತೆಪ್ಪದ ಯಜಮಾನ ಇಪ್ಪತ್ತು ದಿನ ಟೈಮು ಕೊಟ್ಟು, ನಡುಹೊಳೆಯ ಬಂಡೆ ತನಕ ಈಜಿ ತೋರಿಸು, ಇಲ್ಲಾಂದ್ರೆ ಬೇರೆಯವನು ಕಾಯ್ತಾವ್ನೆ ಅಂದಿದ್ದನಂತೆ.

"ಕಲಿಸ್ಕೊಡಣ್ಣ, ನಿನ್ ಕಾಲಿಗೆ ಬೀಳ್ತೀನಿ" ಅಂದ. ಬಿದ್ದೇಬಿಟ್ಟ.

ಗಲ್ಲಕ್ಕೊಂದು ಕೈ, ಹೊಟ್ಟೆಗೊಂದು ಕೈ ಕೊಟ್ಟು ಕಲಿಸಿದೆ. ಹದಿನೈದೇ ದಿನಕ್ಕೆ ದಡದ ಹತ್ತಿರ ಮೀನಿನ ಥರ ಓಡಾಡ್ತಿದ್ದ, ಪಾಪಿ. ಆಳಕ್ಕೆ ಮಾತ್ರ ಹೆದರಿಕೆ, ಅಲ್ಲಿ ನನ್ನ ಕೈ ಬೇಕಿತ್ತು. ಅಷ್ಟು ಚಳಿಯಲ್ಲೂ ಅವನ ಹಲ್ಲು ಕಟಕಟ ಅನ್ನಲಿಲ್ಲ. ನಮ್ಮವರಲ್ಲೊಬ್ಬ, "ಮೇಷ್ಟ್ರನ್ನೇ ಮೀರಿಸ್ಬುಟ್ಟ ಕಣ್ಲಾ!" ಅಂದ. ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ. ಹೊಟ್ಟೆ ಮಾತ್ರ ಧಗಧಗ ಉರೀತಿತ್ತು.

ಪರೀಕ್ಷೆಯ ಹಿಂದಿನ ಬೆಳಿಗ್ಗೆ ಆಳಕ್ಕೆ ಕರೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಥಂಡಿಗೆ ಅವನ ಕಾಲು ಸೆಟೆದುಕೊಂಡಿತು. ನನ್ನ ತೋಳು ಗಟ್ಟಿಯಾಗಿ ಹಿಡಿದು, ದಡದ ಕಡೆ ನೋಡ್ತಾ, "ಬುಡಣ್ಣ! ಬುಡಣ್ಣ!" ಅಂದ. ಒಂದೊಂದೇ ಬೆರಳು ಬಿಡಿಸಿ, ಬುಟ್ಟೆ.

ಎರಡು ಸಲ ಮುಳುಗಿದ್ದನ್ನ ನೋಡ್ತಾ ಇದ್ದೆ. ಮೂರನೇ ಸಲಕ್ಕೆ ಕೂದಲು ಹಿಡಿದು ಎಳೆದು ತಂದು ಮೆಟ್ಟಿಲ ಮೇಲೆ ಹಾಕಿದೆ. ಅವನು ನೀರು ಕಕ್ಕುತ್ತಿದ್ದ. "ಅವನೇ ಬುಡು ಅಂದ, ಬುಟ್ಟೆ" ಅಂದೆ ನಾನು. "ಊಂ, ನಮಗೂ ಕೇಳಿಸ್ತು" ಅಂದರು ಉಳಿದವರು.

ಮಾರನೇ ದಿನ ಯಜಮಾನನ ಮುಂದೆ ಪಾದ ಮುಳುಗೋವಷ್ಟು ನೀರಿಗಿಳಿದು, ಗಡಗಡ ನಡುಗಿ, ವಾಪಸ್ ಬಂದ. ಕೆಲಸ ಇನ್ನೊಬ್ಬನ ಪಾಲಾಯಿತು.

ಈಗ ಪಾಂಡವಪುರದ ಹೋಟ್ಲಲ್ಲಿ ತಟ್ಟೆ ತೊಳೀತಾನೆ. ಆದರೂ ದಿನಾ ಮೊದಲ ಬಸ್ಸಿಗೆ ಬಂದು, ಮೆಟ್ಟಿಲ ಮೇಲೆ ಕೂತು ನಮ್ಮ ಬಟ್ಟೆ ಕಾಯ್ತಾನೆ. ನೀರಿಗೆ ಬೆರಳೂ ಅದ್ದಲ್ಲ. ಮೇಷ್ಟ್ರ ಮೇಲೆ ಇನ್ನೂ ಪ್ರೀತಿ ಇಟ್ಟವ್ನೆ ಅಂತ ನಾನು ಒಳಗೊಳಗೇ ಬೀಗ್ತಿದ್ದೆ, ನಾಚಿಕೆ ಇಲ್ಲದೋನು.

ಹೋದ ತಿಂಗಳು ಉಳಿದವರು ನೀರಲ್ಲಿದ್ದಾಗ ತಡೆಯಲಾಗದೆ ಹೇಳಿಬಿಟ್ಟೆ. "ಅವತ್ತು ನೀನು ಯಾವ ಬುಡು ಅಂದೆ ಅಂತ ನಂಗೆ ಗೊತ್ತಿತ್ತು ಕಣ್ಲಾ."

ನನ್ನ ಟವಲ್ಲು ಮಡಚಿ ಪಕ್ಕಕ್ಕಿಟ್ಟ.

"ಅದು ನಂಗೂ ಗೊತ್ತು ಕಣಣ್ಣ. ನಿಂಗೂ ವಯಸ್ಸಾಯ್ತಾ ಬಂತು. ಒಂದಿನ ನಿನ್ ಕಾಲೂ ಸೆಟ್ಕತದೆ. ಅದ್ನ ನೋಡಾಕೇ ದಿನಾ ಬತ್ತೀನಿ. ಹೋಗು, ನೀರಿಗಿಳಿ."