ಎಲ್ಲರ ಡಬ್ಬಿ

ನನ್ನ ತಮ್ಮನಿಗೆ ಮನೆಯವರು ಇಟ್ಟ ಹೆಸರು ಒಂದು, ಜನ ಇಟ್ಟ ಹೆಸರು ಇನ್ನೊಂದು. ಅಂಗಡಿ, ಆಫೀಸು, ಕ್ಲಿನಿಕ್ಕುಗಳಲ್ಲಿ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ಅವನ ಕಸುಬು. ಅವನು ಏಣಿಯ ಮೇಲಿರುವಾಗ ಕೆಳಗಿನಿಂದ ಯಾರು ಏನೇ ಕೇಳಲಿ, ಉತ್ತರ ಮಾತ್ರ ಒಂದೇ. ವೈರು ಗೋಡೆಯ ಮೇಲೆ ಕಾಣಬಾರದು ಅಂದರೆ "ಆಯ್ತು ಬಿಡಿ." ಸಂಜೆಯೊಳಗೆ ಮುಗಿಸಬೇಕು ಅಂದರೆ "ಆಯ್ತು ಬಿಡಿ." ಹೀಗೆ ಅವನ ಹೆಸರೇ ಆಯ್ತುಬಿಡಿ ಆಗಿಹೋಯಿತು. ನಾನು ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ದಿನವಿಡೀ ಮಂಡಿಯೂರಿ ಕಂಡವರ ಕಾಲಿಗೆ ಬೂಟು ತೊಡಿಸುವ ನನಗೆ ಅವನ ಆ ಮಾತು ಕೇಳಿದರೆ ಸ್ವಲ್ಪ ಹೊಟ್ಟೆಕಿಚ್ಚು, ಉಳಿದದ್ದು ಮೈಯುರಿ.

ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಆಮೇಲೆ ಅವನಿಗೆ ಅಮ್ಮ ಅಂದರೆ ನನ್ನ ಹೆಂಡತಿಯೇ. ಡಬ್ಬಿ ಕಟ್ಟಿಕೊಟ್ಟವಳು ಅವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಅವಳು. ಈಗಲೂ ಅವನು ಅವಳಿಗೆ ಪುಟ್ಟನೇ. ಮೀಸೆ ಬಂದು ಯಾವ ಕಾಲವಾಯಿತು, ಆದರೂ ಭಾನುವಾರ ಊಟಕ್ಕೆ ಬಂದರೆ ತಟ್ಟೆ ತುಂಬ ಬಡಿಸಿ ಎದುರಿಗೇ ಕೂರುತ್ತಾಳೆ.

ನನ್ನ ಹೆಂಡತಿಗೆ ಒಂದು ಹುಚ್ಚು, ಅದು ಸ್ವಚ್ಛತೆ. ಕುಡಿದ ಲೋಟ ಕೆಳಗಿಡುವ ಮೊದಲೇ ಕಿತ್ತುಕೊಂಡು ತೊಳೆದಿಡುತ್ತಾಳೆ. ಓದುತ್ತಿದ್ದ ಪೇಪರು ಬಿಟ್ಟು ಬಾಗಿಲು ತೆರೆಯಲು ಎದ್ದು ಹೋದರೆ, ವಾಪಸ್ ಬರುವಷ್ಟರಲ್ಲಿ ಅದು ರದ್ದಿಗೆ ಸೇರಿರುತ್ತದೆ. ಸಮವಸ್ತ್ರ ಹೊಲಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆಯ ಪ್ಯಾಟರ್ನ್ ಬಿಡಿಸುವುದು ಅವಳ ಕೆಲಸ. ಕಾಲರ್ ಎಷ್ಟು, ತೋಳು ಎಷ್ಟು ಎಂದು ಅವಳು ಬಿಡಿಸಿದ ಹಾಗೆ ಕತ್ತರಿಸುವವರು ಕತ್ತರಿಸುತ್ತಾರೆ. ಅಲ್ಲೂ ಅದೇ ಚಾಳಿ. ಪ್ರತಿ ಶುಕ್ರವಾರ ಸಂಜೆ ಮೇಜು ಒರೆಸಿ, ಕಂಪ್ಯೂಟರಿನಲ್ಲಿ ಮುಗಿದ ಕೆಲಸವನ್ನೆಲ್ಲ ಅಳಿಸಿಯೇ ಮನೆಗೆ ಹೊರಡುವುದು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅಸಲು ಫೈಲುಗಳು ಕಾರ್ಖಾನೆಯ ಒಡತಿ ಮೇಡಂ ಕಂಪ್ಯೂಟರಿನಲ್ಲಿ ಇರುತ್ತಿದ್ದವು, ಇವಳ ಹತ್ತಿರ ಇರುತ್ತಿದ್ದುದು ಬರೀ ನಕಲು.

ತೊಂದರೆ ಇದ್ದದ್ದು ಪೆನ್‌ಡ್ರೈವಿನಲ್ಲಿ. ಒಬ್ಬರಿಂದ ಒಬ್ಬರಿಗೆ ಫೈಲು ಅದರಲ್ಲೇ ಓಡಾಡಬೇಕು. "ಪೆನ್‌ಡ್ರೈವ್ ಯಾರ ಹತ್ರ ಇದೆ?" ಎಂದು ಕೂಗದ ದಿನವಿಲ್ಲ. ಒಮ್ಮೆ ಹಳೆಯ ಕಾಲರಿನ ಫೈಲು ಹೋಗಿ ಒಂದು ಆಸ್ಪತ್ರೆಯ ಅಂಗಿಗಳೆಲ್ಲ ತಪ್ಪಾಗಿ ಕತ್ತರಿಸಲ್ಪಟ್ಟವು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಆಗ ನನ್ನ ಹೆಂಡತಿ ಹೆಮ್ಮೆಯಿಂದ ಹೇಳಿದಳಂತೆ, "ನಮ್ಮ ಮೈದುನ ಇದಾನೆ ಮೇಡಂ. ಎಲ್ಲಾರ ಕಂಪ್ಯೂಟರನ್ನೂ ಜೋಡಿಸಿ ಕೊಡ್ತಾನೆ. ಅವನ ಕೆಲಸಕ್ಕೆ ನಾನು ಗ್ಯಾರಂಟಿ."

ತಮ್ಮ ಹೋದ, ವೈರು ಎಳೆದ, ಮೂಲೆಯಲ್ಲಿ ಒಂದು ಕಪ್ಪು ಡಬ್ಬಿ ಕೂರಿಸಿದ. ಇನ್ನು ಮುಂದೆ ಎಲ್ಲ ಫೈಲುಗಳೂ ಅದರೊಳಗೆ ಮಾತ್ರ. ಜನ ಅದನ್ನು ಎಲ್ಲರ ಡಬ್ಬಿ ಎಂದು ಕರೆದರು. ಮೇಡಂ ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ಅದಕ್ಕೆ ಸಾಗಿಸಿ, ಗೊಂದಲ ಬೇಡವೆಂದು ಹಳೆಯದನ್ನು ತಾನೇ ಅಳಿಸಿಹಾಕಿದ.

"ಇದು ಕೆಟ್ಟುಹೋದ್ರೆ?" ಎಂದು ಮೇಡಂ ಕೇಳಿದ್ದರು.

"ಒಳಗೆ ಎರಡು ಡಿಸ್ಕ್ ಇದೆ ಮೇಡಂ. ಒಂದು ಸತ್ರೆ ಇನ್ನೊಂದು ಇರುತ್ತೆ. ಆಯ್ತು ಬಿಡಿ."

ಮತ್ತೊಂದು ಕೆಲಸದವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಏಣಿ ಹೆಗಲಿಗೇರಿಸಿಕೊಂಡು ಹೊರಡುತ್ತಲೇ ಎಲ್ಲರಿಗೂ ಪಾಠ ಹೇಳಿದ, "ಯಾರ ಕಂಪ್ಯೂಟರಲ್ಲಿ ನೋಡಿದ್ರೂ ಎಲ್ಲಾ ಇರುತ್ತೆ." ನನ್ನ ಹೆಂಡತಿ ಅದನ್ನು ನಂಬಿದಳು. ಎಲ್ಲರ ಹತ್ತಿರವೂ ಒಂದೊಂದು ನಕಲು ಇದೆ, ನನ್ನದು ಅಳಿಸಿದರೂ ಉಳಿದವರದು ಹಾಗೇ ಇರುತ್ತದೆ ಎಂದುಕೊಂಡಳು.

ಶುಕ್ರವಾರ ಬಂತು. ಅವಳು ಮೇಜು ಒರೆಸಿದಳು. "ಮುಗಿದ ಕೆಲಸ" ಎಂಬ ಹಳೆಯ ಪ್ಯಾಟರ್ನುಗಳ ಫೋಲ್ಡರು ಬೆಟ್ಟದಷ್ಟು ಬೆಳೆದಿರುವುದು ಕಂಡು ಅಳಿಸಿದಳು. ಪೂರ್ತಿ ಅಳಿಸಲೇ ಎಂದು ಕಂಪ್ಯೂಟರು ಕೇಳಿತು, ಹೂಂ ಎಂದು ಒತ್ತಿದಳು. ಸೋಮವಾರ ಬೆಳಿಗ್ಗೆ ಒಂದು ಶಾಲೆಯವರು ಕಳೆದ ವರ್ಷದ ಅಂಗಿಯನ್ನೇ ಮತ್ತೆ ಕೇಳಿದರು. ಯಾರ ಕಂಪ್ಯೂಟರಿನಲ್ಲಿ ನೋಡಿದರೂ ಇಲ್ಲ. ಕಾರ್ಖಾನೆ ಶುರುವಾದಂದಿನಿಂದ ಬಿಡಿಸಿದ್ದೆಲ್ಲ ಒಂದೇ ಏಟಿಗೆ ಹೋಗಿತ್ತು.

ತಮ್ಮನನ್ನು ಕರೆಸಿದರು. ಅವನು ಬಂದ, ಡಬ್ಬಿಯ ಮುಂದೆ ಬಹಳ ಹೊತ್ತು ಕೂತ. "ಅಳಿಸಿದ್ದು ವಾಪಸ್ ಬರಲ್ಲ ಮೇಡಂ" ಎಂದ. ಅಷ್ಟು ಹೇಳಿ ಹೊರಟುಹೋದ. ಅತ್ತಿಗೆಯ ಮುಖ ನೋಡಲಿಲ್ಲ.

ಮಾರನೆಯ ದಿನದಿಂದ ನನ್ನ ಹೆಂಡತಿಯನ್ನು ಪ್ಯಾಕಿಂಗ್ ಮೇಜಿಗೆ ಹಾಕಿದರು. ಅಂಗಿ ಮಡಚಿ ಕವರಿಗೆ ತುಂಬುವ ಕೆಲಸ. ಅವಳು ಹತ್ತಿರ ಸುಳಿದರೆ ಸಾಕು, "ಮೌಸ್ ಬಚ್ಚಿಡ್ರಪ್ಪಾ" ಎಂದು ಒಬ್ಬ ತಮಾಷೆ ಮಾಡುತ್ತಿದ್ದನಂತೆ. ಮನೆಗೆ ಬಂದರೆ ಊಟ ಸೇರದು. ಕೇಳಿದರೆ "ತಪ್ಪು ನಂದೇ ಅಲ್ವಾ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಭಾನುವಾರ ತಮ್ಮ ಊಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ, ಫೋನೂ ಎತ್ತಲಿಲ್ಲ. ನನಗೆ ರೇಗಿತು. ಮಧ್ಯಾಹ್ನದ ಬಿಡುವಿನಲ್ಲಿ ಹುಡುಕಿಕೊಂಡು ಹೋದೆ. ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಏಣಿಯ ಮೇಲಿದ್ದ, ತಲೆ ಸೀಲಿಂಗಿನ ಒಳಗೆ.

"ಅತ್ತಿಗೆ ಊಟ ಬಿಟ್ಟು ಕೂತಿದಾಳೆ. ನೀನಿಲ್ಲಿ ಮುಖ ಮುಚ್ಕೊಂಡಿದೀಯಾ?"

ತಲೆ ಹೊರಗೆ ಬರಲಿಲ್ಲ. ಮಾತು ಮಾತ್ರ ಬಂತು. "ತಪ್ಪು ಅತ್ತಿಗೇದಲ್ಲ ಅಣ್ಣ. ನಂದು."

ಡಬ್ಬಿಯ ಎರಡು ಡಿಸ್ಕುಗಳು ಒಂದು ಮಾಡಿದ್ದನ್ನೇ ಇನ್ನೊಂದೂ ಮಾಡುತ್ತವಂತೆ. ಒಂದರಲ್ಲಿ ಅಳಿಸಿದರೆ ಆ ಗಳಿಗೆಯೇ ಇನ್ನೊಂದರಲ್ಲೂ ಹೋಯಿತು. ಅದಕ್ಕೇ ಬೇರೆಯದೇ ಒಂದು ಡಿಸ್ಕಿನಲ್ಲಿ ದಿನಾ ನಕಲು ತೆಗೆದಿಡಬೇಕು, ಎಲ್ಲರ ಕೈಗೂ ಅಳಿಸುವ ಅಧಿಕಾರ ಕೊಡಬಾರದು, ಅಳಿಸಿದ್ದು ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿಯುವಂತೆ ಮಾಡಬೇಕು. "ಇದೆಲ್ಲ ಗೊತ್ತಿತ್ತು ಅಣ್ಣ. ಆಮೇಲೆ ಬಂದು ಮಾಡಿದ್ರಾಯ್ತು ಅಂತ ಬಿಟ್ಟೆ. ಅವತ್ತು ಬಾಯಿ ಬಿಟ್ಟಿದ್ರೆ ಊರಲ್ಲಿ ಯಾರೂ ಕೆಲಸ ಕೊಡ್ತಿರಲಿಲ್ಲ. ಅತ್ತಿಗೆ ತಾನೇ, ತಡ್ಕೋತಾರೆ ಅಂದ್ಕೊಂಡೆ."

ಏಣಿಯನ್ನು ಒದೆಯಬೇಕೆನಿಸಿತು. ಆದರೆ ಅದು ಆಗಲೇ ಅಲುಗಾಡುತ್ತಿತ್ತು. ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಇಳಿ ಕೆಳಗೆ" ಅಂದೆ.

ಇಬ್ಬರೂ ಕಾರ್ಖಾನೆಗೆ ಹೋದೆವು. ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಪ್ಯಾಕಿಂಗ್ ಮೇಜಿನಿಂದ ಅವಳು ನಮ್ಮನ್ನು ನೋಡಿದಳು. ತಮ್ಮ ನೇರವಾಗಿ ಮೇಡಂ ಮುಂದೆ ನಿಂತು ಹೇಳಿದ, "ಬೇರೆ ನಕಲು ತೆಗೆದಿಡಬೇಕಾಗಿತ್ತು ಮೇಡಂ. ನಾನು ತೆಗೀಲಿಲ್ಲ."

ಮೇಡಂ ಹುಬ್ಬು ಗಂಟಿಕ್ಕಿದರು. "ನೀವು ಹೇಳಿದ್ರಂತಲ್ಲ? ಶುಕ್ರವಾರ ಶುಕ್ರವಾರ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ ಅಂತ ನಿಮ್ಮ ಅತ್ತಿಗೆಗೆ ಹೇಳಿಕೊಟ್ಟಿದ್ರಂತೆ. ಬೇರೆ ಕಾಪಿ ಯಾಕಿಲ್ಲ ಅಂತ ಕೇಳಿದ್ದಕ್ಕೆ ತಾನೇ ಮರೆತೆ ಅಂದ್ರು. ಅದಕ್ಕೇ ಅಲ್ವಾ ನಾನು ಅವರನ್ನ ಅಲ್ಲಿ ಕೂರಿಸಿದ್ದು?"

ನನಗೂ ಇದು ಗೊತ್ತಿರಲಿಲ್ಲ. ತಿರುಗಿ ನೋಡಿದೆ. ನನ್ನ ಹೆಂಡತಿ ತಲೆ ತಗ್ಗಿಸಿ, ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ತಮ್ಮನ ಕಿವಿ ಕೆಂಪಾಯಿತು. ಹೌದು ಮೇಡಂ ಅಂದಿದ್ದರೆ ಅವನ ಮಾನ ಉಳಿಯುತ್ತಿತ್ತು. ಆದರೆ ಅವನು ಎಲ್ಲರಿಗೂ ಕೇಳುವ ಹಾಗೆ ಅಂದ, "ಅತ್ತಿಗೆ ಸುಳ್ಳು ಹೇಳಿದಾರೆ ಮೇಡಂ. ನಾನು ಏನೂ ಹೇಳಿಕೊಟ್ಟಿರಲಿಲ್ಲ." ಅವಳು ನಮ್ಮ ಮನೆಗೆ ಬಂದಾಗಿನಿಂದ ಅವಳ ವಿರುದ್ಧ ಅವನು ಆಡಿದ ಮೊದಲ ಮಾತು ಅದು. ಆಡಿ ಮುಗಿಸಿ, ಎಲ್ಲರೆದುರೇ ಅತ್ತುಬಿಟ್ಟ.

ಮೇಡಂ ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಆದರೆ ಓಡಿಸಲಿಲ್ಲ. ಹೊಸ ಡಿಸ್ಕು ಬಂತು, ಅಳಿಸುವುದಕ್ಕೆ ಬೀಗ ಬಂತು, ಕಸದ ಬುಟ್ಟಿ ಬಂತು. ಹಳೆಯ ಸ್ಯಾಂಪಲ್ ಅಂಗಿಗಳ ಅಳತೆ ತೆಗೆದು ಪ್ಯಾಟರ್ನುಗಳನ್ನು ಮತ್ತೆ ಬಿಡಿಸುವುದೆಂದಾಯಿತು. ನನ್ನ ಹೆಂಡತಿ ತನ್ನ ಕುರ್ಚಿಗೆ ಮರಳಿದಳು. ತಮ್ಮ ಸಂಜೆ ಸಂಜೆ ಹೋಗಿ ಟೇಪು ಹಿಡಿದ.

ಕೆಲಸ ಮುಗಿದ ದಿನ ಅವನು ಆಯ್ತು ಬಿಡಿ ಅನ್ನಲಿಲ್ಲ. "ಅತ್ತಿಗೆ, ಒಂದು ಫೈಲ್ ಅಳಿಸಿ ನೋಡಿ. ವಾಪಸ್ ತರಿಸಿ ತೋರಿಸ್ತೀನಿ" ಎಂದ.

ಅವಳು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು. "ಬೇಡ ಪುಟ್ಟ. ಬೇರೆ ಯಾರಾದ್ರೂ ಮಾಡ್ಲಿ."

ಆ ಭಾನುವಾರ ಅವನು ಊಟಕ್ಕೆ ಬಂದ. ಎಂದಿನ ಹಾಗೆ ಅವಳು ತಟ್ಟೆ ತುಂಬ ಬಡಿಸಿದಳು. ನನ್ನ ಕುರ್ಚಿಯ ಪಕ್ಕ ವಾರದ ಪೇಪರುಗಳು ಹಾಗೇ ಬಿದ್ದಿದ್ದವು. ಅಡುಗೆಮನೆಯ ಕಟ್ಟೆಯ ಮೇಲೆ ಖಾಲಿ ಬಿಸ್ಕತ್ತಿನ ಪೊಟ್ಟಣಗಳು, ಖಾಲಿ ಸೀಸೆಗಳು. ತಮ್ಮ ಸುತ್ತ ನೋಡಿದ, ನನ್ನನ್ನು ನೋಡಿದ. ಅಷ್ಟರಲ್ಲಿ ಅವಳು ಒಂದು ಖಾಲಿ ಪೊಟ್ಟಣ ಎತ್ತಿ, ಒಳಗೆ ಇಣುಕಿ, ಅವನ ಮುಂದೆ ಹಿಡಿದಳು.

"ಪುಟ್ಟ, ಇದನ್ನ ಬಿಸಾಕ್ಲಾ?"