ಪಿಳ್ಳಣ್ಣನ ಸರದಿ

ಸುಬ್ರಹ್ಮಣ್ಯಪುರವನ್ನು ಉದ್ಧಾರ ಮಾಡಲು ಒಂದು ಸಂಸ್ಥೆ ನನ್ನನ್ನು ಕಳಿಸಿದಾಗ ನನಗೆ ಇಪ್ಪತ್ತಾರು ವರ್ಷ. ಜಯನಗರದಿಂದ ಬನಶಂಕರಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಉತ್ತರಹಳ್ಳಿ ರಸ್ತೆಯ ಧೂಳಿನಲ್ಲಿ ನಡಿಗೆ. ಕೈಯಲ್ಲೊಂದು ದಪ್ಪ ನೋಟ್ ಪುಸ್ತಕ, ತಲೆಯ ತುಂಬ ಯೋಜನೆ. ಹೋಗಿ ನೋಡಿದರೆ ಊರಿನವರು ನನಗಾಗಿ ಕಾಯದೆ ಕೆಲಸ ಶುರು ಮಾಡಿಬಿಟ್ಟಿದ್ದರು. ನನಗೆ ಸ್ವಲ್ಪ ಅವಮಾನವೇ ಆಯಿತು.

ಅದು ೧೯೭೭. ಮಳೆ ನಂಬಿ ರಾಗಿ ಬಿತ್ತುವ, ಕುರಿ ಸಾಕುವ ಒಣ ಊರು. ಊರ ಹಿಂದೆ ಎಲ್ಲರ ದನ ಕುರಿ ಮೇಯುವ ಗೋಮಾಳದ ಇಳಿಜಾರು, ಮೇದು ಮೇದು ಬರೀ ಕಲ್ಲಾಗಿತ್ತು. ಮೂರು ಮಳೆಗಾಲ ಅಲ್ಲಿ ಯಾರೂ ಮೇಯಿಸಬಾರದು, ಹುಲ್ಲು ಬೆಳೆದ ಮೇಲೆ ಕೊಯ್ದು ಹಂಚಿಕೊಳ್ಳಬೇಕು ಎಂದು ಹದಿನೆಂಟು ಮನೆಯವರು ಸೇರಿ ತೀರ್ಮಾನಿಸಿದ್ದರು. ಈ ಮಾತನ್ನು ಮೊದಲು ಎತ್ತಿದವಳು ಸಪ್ಪಲಮ್ಮ. ಐವತ್ತರ ಹತ್ತಿರದ ಹೆಂಗಸು, ಹದಿನಾಲ್ಕು ಕುರಿಗಳ ಒಡತಿ, ಬಾಯಿ ಜೋರು.

ಕಾವಲಿಗೆ ಒಂದು ಬಿದಿರು ಕೋಲು. ಸಂಜೆ ಯಾರ ಬಾಗಿಲಿಗೆ ಕೋಲು ಒರಗುತ್ತದೋ ಮರುದಿನ ಹೊತ್ತು ಹುಟ್ಟುವುದರಿಂದ ಮುಳುಗುವವರೆಗೆ ಆ ಮನೆಯವರು ಇಳಿಜಾರು ಕಾಯಬೇಕು. ಕಾವಲು ಮುಗಿಸಿದವರು ಕೋಲನ್ನು ಪಕ್ಕದ ಮನೆಗೆ ಒರಗಿಸುತ್ತಾರೆ. ಕಾದ ಮನೆಗಷ್ಟೇ ಹುಲ್ಲಿನ ಪಾಲು. ಇಷ್ಟೇ ಕಾನೂನು. ನನ್ನ ಪುಸ್ತಕದಲ್ಲಿ ಇಷ್ಟು ಸಲೀಸಾದ ಒಂದು ಯೋಜನೆಯೂ ಇರಲಿಲ್ಲ.

ಎರಡನೆಯ ವರ್ಷ ಕಾರ್ತಿಕದಲ್ಲಿ ಸಪ್ಪಲಮ್ಮನ ಗಂಡ ಪಿಳ್ಳಣ್ಣ ಸರದಿಗೆ ಹೋದವನು ಇಳಿಜಾರಿನ ಬಂಡೆಯ ಮೇಲೆ ಕೂತಲ್ಲೇ ಸತ್ತಿದ್ದ. ಕೋಲು ತೊಡೆಯ ಮೇಲಿತ್ತು.

ಆ ಊರಲ್ಲೊಂದು ಕಟ್ಟಳೆ. ವರ್ಷ ತುಂಬುವವರೆಗೆ ಸತ್ತವನ ಹೆಸರನ್ನು ಯಾವ ಲೆಕ್ಕದಿಂದಲೂ ತೆಗೆಯುವಂತಿಲ್ಲ. ಅವನು ಸತ್ತ ಜಾಗವನ್ನು ಹೆಂಡತಿ ತುಳಿಯುವಂತಿಲ್ಲ. ಹೀಗಾಗಿ ಹದಿನೆಂಟು ದಿನಕ್ಕೊಮ್ಮೆ ಕೋಲು ಬಂದು ಸಪ್ಪಲಮ್ಮನ ಬಾಗಿಲಿಗೆ ಒರಗುತ್ತಿತ್ತು, ಆದರೆ ಅವಳು ಹೋಗುವಂತಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕುರಿಗಳನ್ನು ಪಕ್ಕದ ಮನೆಯ ಗಂಗಯ್ಯ ತನ್ನ ಮಂದೆಯ ಜೊತೆ ತುರಹಳ್ಳಿ ಕಾಡಿನ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದ. ಪಾಲು ತಪ್ಪಿದರೆ ಬೇಸಿಗೆಗೆ ಹುಲ್ಲಿಲ್ಲ, ಹದಿನಾಲ್ಕೂ ಕುರಿ ಮಡಿವಾಳದ ವ್ಯಾಪಾರಿಯ ಪಾಲು. ಆಮೇಲೆ ಅವಳು ತಿನ್ನುವುದೇನು?

ಮೊದಲ ಸರದಿಯ ದಿನವೇ ಸುದ್ದಿ ಹುಟ್ಟಿತು. ಕಾವಲಿಲ್ಲವೆಂದು ಪಕ್ಕದೂರಿನವನೊಬ್ಬ ಇಳಿಜಾರಿಗೆ ಕುರಿ ನುಗ್ಗಿಸಿದನಂತೆ. ಬಂಡೆಯ ಮೇಲೆ ತಲೆಯ ತುಂಬ ಕಂಬಳಿ ಹೊದ್ದ ಆಕೃತಿಯೊಂದು ಕೋಲು ಹಿಡಿದು ಎದ್ದು ನಿಂತಿತಂತೆ. ಮಾತಿಲ್ಲ, ಕತೆಯಿಲ್ಲ. ಅವನು ಕುರಿಗಳನ್ನೂ ಬಿಟ್ಟು ಓಡಿದ. ಅಲ್ಲಿಂದ ಹದಿನೆಂಟು ದಿನಕ್ಕೊಮ್ಮೆ ಹಾಡುಹಗಲಲ್ಲೇ ಯಾರಾದರೊಬ್ಬರಿಗೆ ದೂರದಿಂದ ಅದು ಕಾಣಿಸುತ್ತಿತ್ತು. ಸಂಜೆಯ ಹೊತ್ತಿಗೆ ಕೋಲು ಗಂಗಯ್ಯನ ಬಾಗಿಲಿಗೆ ಒರಗಿರುತ್ತಿತ್ತು. ಯಾರು ಇಟ್ಟರೆಂದು ಕೇಳುವ ಧೈರ್ಯ ಗಂಗಯ್ಯನಿಗಿರಲಿಲ್ಲ. ಪಿಳ್ಳಣ್ಣ ತನ್ನ ಸರದಿ ತಾನೇ ಮಾಡುತ್ತಿದ್ದಾನೆ ಎಂದು ಊರೆಲ್ಲ ಒಪ್ಪಿಕೊಂಡಿತು. ಆ ದಿನ ಇಳಿಜಾರಿನ ಕಡೆ ಯಾರೂ ಮುಖ ಹಾಕುತ್ತಿರಲಿಲ್ಲ.

ಓದಿದವಳು ನಾನು, ನಕ್ಕೆ. ಸಪ್ಪಲಮ್ಮ ಮಾತ್ರ ನಗಲೂ ಇಲ್ಲ, ಹೆದರಲೂ ಇಲ್ಲ. ಅದು ನನಗೆ ವಿಚಿತ್ರವೆನಿಸಬೇಕಿತ್ತು, ಎನಿಸಲಿಲ್ಲ.

ಮುಂದಿನ ಆಷಾಢದಲ್ಲಿ ಅವಳಿಗೆ ವಿಪರೀತ ಜ್ವರ. ಬೆಳಿಗ್ಗೆ ಎಂಟಕ್ಕೇ ನಾನು ಅವಳ ಮನೆಗೆ ಹೋದೆ, ಬಾಗಿಲಲ್ಲಿ ಕೋಲು ಕಾಣಲಿಲ್ಲ. ಆ ಹೊತ್ತಿಗೆ ಅವಳಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಗುಳಿಗೆ ಕೊಟ್ಟು, ಮನೆಯಲ್ಲಿದ್ದ ಒಂದೇ ಕಂಬಳಿ ಹೊದಿಸಿ, ಸಂಜೆಯವರೆಗೆ ಪಕ್ಕದಲ್ಲೇ ಕೂತಿದ್ದೆ. "ಇವತ್ತು ಸರದಿ, ಇವತ್ತು ಸರದಿ" ಎಂದು ಕನವರಿಸುತ್ತಿದ್ದಳು. ಜ್ವರದ ಮಾತು ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದೆ.

ವರ್ಷ ತುಂಬಿತು. ಮೂರನೆಯ ಮಳೆಗಾಲ ಮುಗಿದು ಹುಲ್ಲು ಸೊಂಟದವರೆಗೆ ನಿಂತಿತ್ತು. ಪಾಲು ಹಂಚಲು ಊರವರು ಶಾಲೆಯ ಜಗುಲಿಯಲ್ಲಿ ಸೇರಿದರು. ಹಿರಿಯ ಬೈಲಪ್ಪ ಗಂಟಲು ಸರಿಮಾಡಿಕೊಂಡ.

"ಕಾದೋರಿಗೆ ಹುಲ್ಲು ಅಂತ ಮಾತು. ಆ ಮನೆ ಸರದಿ ಕಾದೋನು ಪಿಳ್ಳಣ್ಣ. ಸಪ್ಪಲಮ್ಮ ಕಾದಿಲ್ಲ. ಅವನ ಪಾಲು ಕುಯ್ಯೋದು ಬ್ಯಾಡ, ಹಂಗೇ ನಿಲ್ಲಿಸಿಬಿಡಾಣ."

ಹದಿನೇಳು ಮನೆಯವರೂ ಗಂಭೀರವಾಗಿ ತಲೆಯಾಡಿಸಿದರು. ಬದುಕಿರುವ ಹೆಂಗಸಿನ ಬಾಯಿಗೆ ಮಣ್ಣು ಹಾಕಿ ಸತ್ತವನಿಗೆ ನ್ಯಾಯ ಕೊಡುವ ಈ ಲೆಕ್ಕಕ್ಕೆ ನನ್ನ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಸಪ್ಪಲಮ್ಮ ಎದ್ದು ನಿಂತಳು.

"ಬೈಲಪ್ಪಣ್ಣ, ಅದು ನಾನು ಕಣಣ್ಣೋ. ಕಂಬಳಿ ಹೊದ್ಕಂಡು ಹೋಗ್ತಿದ್ದೋಳು ನಾನೇ. ಕೋಲು ಗಂಗಯ್ಯನ ಬಾಗ್ಲಿಗೆ ಇಡ್ತಿದ್ದೋಳೂ ನಾನೇ."

ಗಂಡ ಸತ್ತ ಜಾಗ ತುಳಿದಳೆಂದು ಒಬ್ಬರಾದರೂ ಬೈಯುತ್ತಾರೆಂದುಕೊಂಡೆ. ಗಂಗಯ್ಯ ಮಾತ್ರ ದೊಡ್ಡದಾಗಿ ಉಸಿರು ಬಿಟ್ಟು ನಗತೊಡಗಿದ. ನನಗೂ ನಗು ಬಂತು. ಎಂಥ ಗಟ್ಟಿಗಿತ್ತಿ!

"ಅವನು ಹೋದ ಮ್ಯಾಲೆ ಇಪ್ಪತ್ತು ಸರದಿ ಬಂತು" ಎಂದಳು ಅವಳು. ದನಿ ಇಳಿದಿತ್ತು. "ಹತ್ತೊಂಬತ್ತು ನಾನು ಕಾದೆ. ಆಷಾಢದಾಗೆ ಜ್ವರ ಬಂತಲ್ಲ, ಅವತ್ತು ಹೋಗಕ್ಕಾಗಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಮೇಡಮ್ಮೋರು ನಮ್ಮನೇಲೇ ಇದ್ರು, ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದು, ಬೆಳಿಗ್ಗೆಯಿಂದ ಸಂಜೆವರೆಗೆ ಜೊತೆಗಿದ್ದೆ, ಮಲಗಿದಲ್ಲಿಂದ ಅವಳು ಎದ್ದಿಲ್ಲ ಎಂದೆ.

ಬೈಲಪ್ಪ ಮೆಲ್ಲಗೆ ಕಂಬ ಹಿಡಿದುಕೊಂಡ. "ನಾನು ನೋಡಿದ್ದು ಅವತ್ತೇ ಕಣಮ್ಮ. ಬಂಡೆ ಮ್ಯಾಲೆ ಕೂತಿದ್ದ. ಕೂಗಿದೆ, ತಿರುಗಲಿಲ್ಲ."

"ಅವತ್ತು ಸಂಜೆನೂ ಕೋಲು ನಮ್ಮ ಬಾಗ್ಲಲ್ಲಿತ್ತು" ಎಂದ ಗಂಗಯ್ಯ. ಅವನ ನಗು ನಿಂತಿತ್ತು.

ಅವಳ ಮೈಮೇಲೆ ನಾನೇ ಎಳೆದ ಕಂಬಳಿಯ ಒರಟು ನನ್ನ ಬೆರಳಿಗೆ ಮತ್ತೆ ತಾಗಿದಂತಾಯಿತು. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ.

ಕೊನೆಗೆ ಬೈಲಪ್ಪ, "ಆ ಒಂದಿನದ್ದೂ ಸೇರಿಸಿ ಪೂರ್ತಿ ಪಾಲು ನೀನೇ ತಗಳಮ್ಮ" ಎಂದ.

"ಬ್ಯಾಡ" ಎಂದಳು. "ಅದು ಅವನ ದುಡಿಮೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡ್ದೆ ಬೈಲಪ್ಪಣ್ಣ. ಬಸುರಿಯಾಗಿದ್ದಾಗ್ಲೂ ಕುರಿ ಹಿಂದೆ ನಾನೇ ಹೋದೆ. 'ನೀನು ಮಲಿಕ್ಕೋ, ಇವತ್ತು ನಾನು ಹೋಯ್ತೀನಿ' ಅಂತ ಒಂದಿನಾನೂ ಅಂದೋನಲ್ಲ."

ಅಷ್ಟು ಹೇಳಿ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ಗಂಡ ಸತ್ತ ದಿನ ಅವಳು ಹಾಗೆ ಅತ್ತಿರಲಿಲ್ಲ.

ಮರುದಿನ ಕೊಯ್ಲು. ಬಂಡೆಯ ಪಕ್ಕ ಒಂದು ಚಾಪೆಯಗಲ ಹುಲ್ಲನ್ನು ಬಿಟ್ಟು ಎಲ್ಲರೂ ಸುತ್ತ ಕೊಯ್ದರು. ಸಪ್ಪಲಮ್ಮನ ಹೊರೆಗಳನ್ನು ಗಂಗಯ್ಯ ಮನೆಗೆ ಹೊತ್ತು ಹಾಕಿದ, ಕುರಿಗಳಿಗೆ ಬೇಸಿಗೆ ಕಳೆಯುವಷ್ಟಿತ್ತು. ಮಧ್ಯಾಹ್ನ ನಾನು ಹೊರಡುವಾಗ ಅವಳೊಬ್ಬಳೇ ಆ ಹುಲ್ಲಿನ ಅಂಚಿಗೆ ಕೂತು ಬೈಯುತ್ತಿದ್ದಳು.

"ಸತ್ತ ಮ್ಯಾಲೆ ಬುದ್ಧಿ ಬಂತೇನೋ ನಿಂಗೆ? ಮೊದ್ಲೇ ಬರಬಾರದಿತ್ತಾ?"

ನಡುನಡುವೆ ಸುಮ್ಮನಾಗುತ್ತಿದ್ದಳು. ಎದುರಿನವರು ಮಾತು ಮುಗಿಸಲೆಂದು ಕಾಯುವಷ್ಟು ಹೊತ್ತು ಕಾದು, ಇಲ್ಲವೆಂದು ತಲೆಯಾಡಿಸಿ, ಮತ್ತೆ ಬೈಯುತ್ತಿದ್ದಳು.