ಪ್ರೊಸೆಸರ್ ಮಲಗಿತ್ತಂತೆ

ಸುಮ್ಮನಿರುವ ಕೈಯೂ ದುಡಿಯುತ್ತಿರುತ್ತದೆ ಎಂಬರ್ಥದ ಸಾಲೊಂದನ್ನು ಎಲ್ಲೋ ಓದಿದ ನೆನಪು. ಬರೆದವರು ಯಾರ ಕೈಕೆಳಗೂ ದುಡಿದಿರಲಿಕ್ಕಿಲ್ಲ, ಗೆಳೆಯರೇ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯಿಸುವವರೊಬ್ಬರಿಗೆ ನಾನು ಕಂಪ್ಯೂಟರಿನಲ್ಲಿ ಸೆರಗಿನ ವಿನ್ಯಾಸ ಬಿಡಿಸಿಕೊಡುತ್ತೇನೆ. ಇವತ್ತು ಮಾಲೀಕರ ಅಳಿಯ ಬಂದವನೇ ಕಪ್ಪು ಪರದೆ ತೆರೆದು ಏನೋ ಒಂದು ಕಮಾಂಡ್ ಟೈಪ್ ಮಾಡಿದ. ಪ್ರೊಸೆಸರ್ ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಕರೆಂಟು ಉಳಿಸುತ್ತಾ ಮಲಗಿತ್ತು ಎಂಬುದೆಲ್ಲ ಸಾಲುಸಾಲಾಗಿ ಬಂತು.

“ನೋಡ್ರಿ ಮಾವ, ಮಿಷನ್ ಮಲಗೇ ಐತೆ. ಮೇಡಂ ಏನ್ ಮಾಡ್ತಿದ್ರು?”

“ಹಳೇ ಸೀರೆಯ ನವಿಲು ನೋಡ್ತಿದ್ದೆ. ಕತ್ತು ತಿರುಗೋ ಕಡೆ ಎಳೆ ಕೂರ್ತಿಲ್ಲ. ನಾನು ಒಂದು ಗೆರೆ ಎಳೆದು ಇನ್ನೊಂದು ಯೋಚಿಸೋ ತನಕ ಮಲಗೋದು ಅದು ಕಣಪ್ಪ, ನಾನಲ್ಲ.”

“ನೋಡೋದಕ್ಕೂ ಸಂಬಳನಾ?” ಎಂದು ನಕ್ಕ. ಮಾಲೀಕರು ನಗಲಿಲ್ಲ. “ನಾಳಿಂದ ಅರ್ಧ ದಿನ ಬಂದ್ರೆ ಸಾಕ್ರಮ್ಮ” ಎಂದರು.

ಮನೆಗೆ ಬಂದು, ಬಾಗಿಲಲ್ಲೇ ಸಿಕ್ಕ ಪಕ್ಕದ ಮನೆಯ ತಿಪ್ಪಮ್ಮನಿಗೆ ಎಲ್ಲ ಹೇಳಿದೆ. ಅವಳು ಅಂದಳು: “ಅದ್ರಾಗೆ ಒಂದು ಸಿನಿಮಾ ಹಚ್ಚಿಟ್ಟು ಕೂತ್ಕೋಬೇಕಿತ್ತು ಕಣಕ್ಕ. ಪೂರ್ತಿ ದಿನ ದುಡಿದಂಗೆ ಆಗ್ತಿತ್ತು.”